ಮಲ್ಹಾರ ಇಲೆವನ್ ಮಾರಾಟವಾದದ್ದು

ಹೊಳಬಸಪ್ಪನಿಗೆ ಅನುಮಾನವೆಂಬುದು ಸರಕಾರವೇ ಸಂಬಳ ಕೊಟ್ಟು ಕಲಿಸಿದ ವಿದ್ಯೆ. ಮರಾಠಿ ಸೀಮೆಯ ಖಡಕಿಯ ಸರಕಾರಿ ಕಾರ್ಖಾನೆಯ ಸ್ಟೋರಿನಲ್ಲಿ ಅವನು ಗುಮಾಸ್ತ. ಹೊರಗೆ ಹೋಗುವ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳ ತೆಗೆಸಿ, ಇರಬಾರದ್ದು ಏನಾದರೂ ಇದೆಯೋ ಎಂದು ನೋಡುವುದೇ ಅವನ ಕೆಲಸ. ಸಂಜೆ ಪಾಳಿ ಮುಗಿದ ಭೋಂಗಾ ಊದಿ ಗೇಟು ದಾಟಿದ ಮೇಲೂ ಆ ಚಟ ಬಿಡುತ್ತಿರಲಿಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಹಾಕಿದ್ದಾನೆ ಅಂದುಕೊಳ್ಳುತ್ತಿದ್ದ. ನಗದಿದ್ದರೆ ಇನ್ನೂ ಹೆಚ್ಚು ಹಾಕಿದ್ದಾನೆ ಅಂದುಕೊಳ್ಳುತ್ತಿದ್ದ.

ಇಂಥ ಮನುಷ್ಯ ಮುಚ್ಚಳ ತೆಗೆಸಿ ನೋಡದೆ ನಂಬಿದ್ದು ಜಗತ್ತಿನಲ್ಲಿ ಎರಡನ್ನೇ. ಒಂದು, ಖಡಕಿಯ ಹಾಕಿ ತಂಡ ಮಲ್ಹಾರ ಇಲೆವನ್. ಇನ್ನೊಂದು, ಆ ತಂಡವನ್ನು ಕಟ್ಟಿದ ಗೆಳೆಯ ಧರ್ಮಣ್ಣ. ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ವಾರ ಎರಡಕ್ಕೂ ಒಟ್ಟಿಗೇ ಕಲ್ಲು ಬಿತ್ತು.

ಸುದ್ದಿ ತಂದವನು ಅದೇ ಕಾರ್ಖಾನೆಯ ಟರ್ನರ್ ಜಟ್ಟೆಪ್ಪ. ಬಜಾರಿನಲ್ಲಿ ಕೃಷ್ಣಾಜಿಯ ಅಮೃತತುಲ್ಯ ಚಹಾದ ಅಂಗಡಿಯೇ ತಂಡದ ಅಭಿಮಾನಿಗಳ ಕಚೇರಿ. ಅಲ್ಲಿನ ಬೆಂಚಿನ ಮೇಲೆ ಕೂತವರೆಲ್ಲ ಆಡದೆಯೇ ಆಟಗಾರರಾದವರು. ಜಟ್ಟೆಪ್ಪ ಸೈಕಲ್ಲನ್ನು ಗೋಡೆಗೆ ಎಸೆದು ಒಳಗೆ ಬಂದ.

"ಮಾರ್‍ಯಾರಂತ್ರಿ! ನಮ್ಮ ಟೀಮ್ ಮಾರ್‍ಯಾರಂತ! ದಿಗಂಬರಶೇಟ ಮುಂಬಯಿದ ಬಣ್ಣದ ಕಂಪನಿಗೆ ಕೊಟ್ಟುಬಿಟ್ಟಾನ. ಮುಂದಿನ ತಿಂಗಳ ಹುಡುಗರೆಲ್ಲಾ ಗಂಟು ಕಟ್ಟಿಕೊಂಡು ಮುಂಬಯಿಗೆ. ಇನ್ನ ಮಲ್ಹಾರ ಇಲೆವನ್ ಅನ್ನೂ ಹೆಸರೂ ಇಲ್ಲ. ಅಂಗಿ ಮ್ಯಾಲೆ ಕಂಪನಿ ಹೆಸರು."

"ಎಷ್ಟಕ್ಕ?" ಹೊಳಬಸಪ್ಪ ಕೇಳಿದ.

"ಹನ್ನೆರಡು ಸಾವಿರ."

ತಂಡ ಮಾರಾಟವಾದದ್ದಕ್ಕಿಂತ ಇಷ್ಟು ಅಗ್ಗಕ್ಕೆ ಮಾರಾಟವಾದದ್ದೇ ಎಲ್ಲರಿಗೂ ಹೆಚ್ಚು ಉರಿಯಿತು. ಕೃಷ್ಣಾಜಿ ಚಹಾ ಸೋಸುತ್ತಿದ್ದ ಕೈ ನಿಲ್ಲಿಸಿದ. ಮರಾಠಿಯವನಾದರೂ ಗಿರಾಕಿಗಳ ದೆಸೆಯಿಂದ ಅವನಿಗೆ ತನ್ನದೇ ಒಂದು ಕನ್ನಡ ಬರುತ್ತಿತ್ತು.

"ಅರೆ, ನನ್ನ ಮೆಹುಣಾ, ಹೆಂಡತಿ ತಮ್ಮ, ಹಳೇ ಜುನಾ ಟ್ರಕ್ ತಗೊಂಡ, ಅದಕ್ಕ ಇಪ್ಪತ್ತು ಹಜಾರ ಬಿತ್ತು. ಇಂಜಿನ್ ಭೀ ನೀಟ ಇಲ್ಲ. ನಮ್ಮ ಹುಡುಗರು ಎಲ್ಲಾ ಕೂಡಿ ಬಾರಾ ಹಜಾರ?"

"ಹುಡುಗರಿಗೆ ಪರ್ಮನೆಂಟ್ ನೌಕರಿ ಕೊಡತಾರಂತಲ್ಲ," ಎಂದು ಮೂಲೆಯಲ್ಲಿದ್ದ ಯಾರೋ ಮೆಲ್ಲಗೆ ಅಂದರು.

"ನೌಕರಿ ಬರೇ ನೆವಾ," ಎಂದು ಜಟ್ಟೆಪ್ಪ ಅವರ ಬಾಯಿ ಮುಚ್ಚಿಸಿದ. ಆಮೇಲೆ ದನಿ ತಗ್ಗಿಸಿದ. "ಶೇಟನ ಡ್ರೈವರ್ ಒಂದು ಮಾತು ಹೇಳ್ಯಾನ. ಮೊದಲ ಮಾತು ಆಗಿದ್ದು ಇಪ್ಪತ್ತೈದಕ್ಕಂತ."

ಹೊಳಬಸಪ್ಪನ ಕಿವಿ ನೆಟ್ಟಗಾದವು. ಪೆಟ್ಟಿಗೆಯ ತೂಕ ಕಡಿಮೆಯಾದರೆ ಒಳಗಿನದು ಎಲ್ಲಿಗೋ ಹೋಗಿದೆ ಎಂದೇ ಅರ್ಥ. ಇದು ಅವನ ಇಡೀ ನೌಕರಿಯ ಸಾರ.

"ಹಂಗಾರ ಉಳಿದ ಹದಿಮೂರು ಸಾವಿರ ಎಲ್ಲಿ ಹೋತು?" ಎಂದ.

ಆ ಪ್ರಶ್ನೆ ಅಂದಿನಿಂದ ಖಡಕಿ ಬಜಾರಿನಲ್ಲಿ ಚಹಾದ ಜೊತೆ ಪುಕ್ಕಟೆ ಸಿಗತೊಡಗಿತು.

ಕಾಗದದ ಮೇಲೆ ತಂಡ ದಿಗಂಬರಶೇಟನದು ಎನ್ನುವುದು ನಿಜ. ಅವನು ಕಟ್ಟಡದ ಗುತ್ತಿಗೆದಾರ. ಬೂಟು, ಕೋಲು ಕೊಡಿಸಿದವನು ಅವನು, ಲೀಗಿನಲ್ಲಿ ಹೆಸರು ಬರೆಸಿದವನೂ ಅವನೇ. ಆದರೆ ಬೂಟು ಕೊಟ್ಟವನು ಮಾಲೀಕನಾಗುವುದಾದರೆ ಅನ್ನ ಹಾಕಿದವರು ಯಾರು? ಆಳಂದ, ಅಫಜಲಪುರದ ಕಡೆಯಿಂದ ಇಟ್ಟಿಗೆ ಹೊರಲು ಬಂದ ಬಡ ಹುಡುಗರು ಅವರು. ಕೂಲಿಯವರ ಮುಕಾದಮ ಧರ್ಮಣ್ಣ ಅವರನ್ನು ಶೇಟನ ಕಟ್ಟಡಗಳಿಗೆ ಕರೆತಂದ. ಓಡಬಲ್ಲವರ ಕೈಗೆ ಕೋಲು ಕೊಟ್ಟು, ಕೆಲಸ ಮುಗಿದ ಮೇಲೆ ರೈಲು ಹಳಿಯ ಆಚೆಯ ಬಯಲಿನಲ್ಲಿ ಆಡಿಸಿದ. ತಗಡಿನ ಶೆಡ್ಡಿನಲ್ಲಿ ಗಂಜಿ ಕುಡಿದು ಹಾಕಿ ಆಡಲಾಗುವುದಿಲ್ಲ. ಅದಕ್ಕೆ ಖಡಕಿಯ ಕನ್ನಡ ಮನೆಗಳು ಪಾಳಿ ಹಚ್ಚಿಕೊಂಡವು. ಪ್ರತಿ ಆಟಗಾರನಿಗೂ ವಾರದ ಪ್ರತಿ ರಾತ್ರಿ ಒಂದೊಂದು ಮನೆಯಲ್ಲಿ ಊಟ. ಹೊಳಬಸಪ್ಪನ ಮನೆಗೆ ಗುರುವಾರ ಬರುವವನು ಅವ್ವಣ್ಣ, ತಂಡದ ಸೆಂಟರ್ ಫಾರ್ವರ್ಡ್. ಮಕ್ಕಳಿಲ್ಲದ ಆ ಮನೆಯಲ್ಲಿ ಗುರುವಾರಕ್ಕೆ ಹಬ್ಬದ ಕಳೆ ಇರುತ್ತಿತ್ತು. ಹೊಳಬಸಪ್ಪನಂತೂ ಪಕ್ಕದಲ್ಲೇ ಕೂತು, ಹೋದ ವರ್ಷದ ಫೈನಲ್‌ನಲ್ಲಿ ಮಿಲ್ಟ್ರಿ ತಂಡದ ಮೇಲೆ ಹೊಡೆದ ಕೊನೆಯ ಗೋಲನ್ನು ಹೊಡೆದವನಿಗೇ ವಾರವಾರವೂ ವರ್ಣಿಸುತ್ತಿದ್ದ.

ಇಂಥ ತಂಡವನ್ನು ಮಾರಬೇಕಾದರೆ ಒಳಗಿನವನೊಬ್ಬನ ಕೈ ಬೇಕೇ ಬೇಕು. ಹುಡುಗರು ಶೇಟನ ಮಾತಿಗೆ ಹೆಜ್ಜೆ ಎತ್ತುವವರಲ್ಲ, ಧರ್ಮಣ್ಣನ ಮಾತಿಗೆ ಮಾತ್ರ. ಹೊಳಬಸಪ್ಪ ಎರಡು ದಿನ ಈ ವಿಚಾರವನ್ನು ತಲೆಯಿಂದ ತಳ್ಳಿದ. ಮೂರನೆಯ ದಿನ ಅದು ಗಟ್ಟಿಯಾಗಿ ಕೂತುಬಿಟ್ಟಿತು.

ಒಮ್ಮೆ ಕೂತ ಮೇಲೆ ಸಾಕ್ಷಿಗಳಿಗೇನು ಬರ! ಧರ್ಮಣ್ಣ ಶೇಟನ ಜೊತೆ ಮುಂಬಯಿಗೆ ಹೋಗಿ ಬಂದಿದ್ದ, ಯಾರಿಗೂ ಹೇಳಿರಲಿಲ್ಲ. ಚಹಾದ ಅಂಗಡಿಗೆ ಬರುವುದನ್ನು ಕಡಿಮೆ ಮಾಡಿದ್ದ. ಹಾದಿಯಲ್ಲಿ ಸಿಕ್ಕರೆ ಕಣ್ಣು ತಪ್ಪಿಸುತ್ತಿದ್ದ. ಅಷ್ಟೇ ಅಲ್ಲ, ಈ ಹಂಗಾಮಿನಲ್ಲಿ ಅವ್ವಣ್ಣನ ಹೊಡೆತದಲ್ಲಿ ಮೊದಲಿನ ಕಸುವೇ ಇರಲಿಲ್ಲ. ಪೆನಾಲ್ಟಿ ಕಾರ್ನರ್ ಹೊಡೆಯುವುದನ್ನೇ ಬಿಟ್ಟಿದ್ದ. ಕಂಪನಿಯವರ ರೊಕ್ಕ ತಿಂದು ಬೇಕಂತಲೇ ಸಪ್ಪಗೆ ಆಡುತ್ತಿರಬಹುದೇ? ಬೆಂಚಿನವರು ಹೌದೆಂದರು. ಅನ್ನ ಹಾಕಿದ ಹುಡುಗನ ಮೇಲೆ ಹೀಗೆ ಅನುಮಾನ ಪಟ್ಟದ್ದಕ್ಕೆ ಹೊಳಬಸಪ್ಪನಿಗೆ ಒಂದು ಗಳಿಗೆ ನಾಚಿಕೆಯಾಯಿತು, ಆದರೆ ಬಿಡಲಿಲ್ಲ.

ಒಂದು ಮಧ್ಯಾಹ್ನ ರಜೆ ಹಾಕಿ, ಸೈಕಲ್ ತುಳಿಯುತ್ತ ಕೋಥರೂಡಕ್ಕೇ ಹೋದ. ಅಲ್ಲಿ ಶೇಟನ ಹೊಸ ಸೊಸೈಟಿಯ ಕಟ್ಟಡ ಏಳುತ್ತಿತ್ತು. ಜಲ್ಲಿಯ ಗುಡ್ಡೆಯ ಹಿಂದೆ ನಿಂತು ನೋಡಿದರೆ, ಆಫೀಸಿನ ತಗಡಿನ ಕೋಣೆಯಲ್ಲಿ ಧರ್ಮಣ್ಣ ಕುರ್ಚಿಯ ಮೇಲೆ ಕೂತಿದ್ದಾನೆ! ಮುಕಾದಮನಿಗೆ ಕುರ್ಚಿ! ಶೇಟನೇ ಚಹಾದ ಕಪ್ಪು ಬಸಿ ಎತ್ತಿ ಅವನ ಮುಂದೆ ಇಡುತ್ತಿದ್ದಾನೆ, ಏನೋ ಪುಸಲಾಯಿಸುತ್ತಿದ್ದಾನೆ. ಧರ್ಮಣ್ಣ ಚಹಾ ಮುಟ್ಟದೆ ತಲೆ ಅಲ್ಲಾಡಿಸುತ್ತಿದ್ದಾನೆ. ಇನ್ನೂ ಹೆಚ್ಚು ಕೇಳುತ್ತಿರಬೇಕು ಎಂದುಕೊಂಡ ಹೊಳಬಸಪ್ಪ. ವಾಪಸು ಬರುವಾಗ ಹನ್ನೆರಡು ವರ್ಷದ ಗೆಳೆಯನನ್ನು ದಾರಿಯುದ್ದಕ್ಕೂ ಬೈದುಕೊಂಡೇ ಬಂದ. ಖಡಕಿ ಹತ್ತಿರವಾದಾಗ ಕಣ್ಣಲ್ಲಿ ನೀರೂ ಬಂತು. ಅದನ್ನು ಧೂಳಿನ ಲೆಕ್ಕಕ್ಕೆ ಹಾಕಿದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಶಿವಬಸವ್ವ ಮಾತು ಕಡಿಮೆಯ ಹೆಣ್ಣುಮಗಳು. ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಧರ್ಮಣ್ಣ ರೊಕ್ಕಾ ತಗೊಂಡಿದ್ದು ನೀವು ಕಂಡೀರೇನು?"

"ಕಾಣಬೇಕ್ಯಾಕ? ಶೇಟ ಕುರ್ಚಿ ಹಾಕಿ ಚಹಾ ಕೊಡತಾನಂದ್ರ ಸುಮ್ನ ಕೊಡತಾನೇನ?"

ಅವಳು ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅದು ಹರಿದುಹೋಯಿತು.

ಭಂಡಾರ ಎತ್ತಿಸುವ ಯೋಚನೆ ಹೊಳಬಸಪ್ಪನದೇ. ಮರಾಠಿಯವರ ಖಂಡೋಬಾ, ನಮ್ಮವರ ಮೈಲಾರಲಿಂಗ. ಮಲ್ಹಾರ ಅಂದರೂ ಅವನೇ, ತಂಡಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. ಅವನ ಮುಂದೆ ಬಿಲ್ವಪತ್ರೆಯನ್ನೂ ಅರಿಶಿನದ ಭಂಡಾರವನ್ನೂ ಅಂಗೈಯಲ್ಲಿ ಎತ್ತಿ ಆಣೆ ಮಾಡಿದರೆ ಮುಗಿಯಿತು. ಎತ್ತಿ ಸುಳ್ಳಾಡಿದವನ ಮನೆಯ ದೀಪ ನಂದುತ್ತದೆ ಎಂಬ ಭಯ ಕನ್ನಡದವರಿಗೂ ಮರಾಠಿಯವರಿಗೂ ಒಂದೇ. ಕೋರ್ಟಿನಲ್ಲಿ ನಿರಾಳವಾಗಿ ಸುಳ್ಳು ಹೇಳುವವನೂ ಭಂಡಾರ ಕಂಡರೆ ಬೆವರುತ್ತಾನೆ.

ಆಣೆಯ ಮಾತನ್ನು ಹೊಳಬಸಪ್ಪ ಗುಮಾಸ್ತನ ಬುದ್ಧಿ ಖರ್ಚು ಮಾಡಿ ಹೆಣೆದ. ರೊಕ್ಕ ತಗೊಂಡಿಲ್ಲ ಎಂದಷ್ಟೇ ಹೇಳಿಸಿದರೆ, ಹೆಂಡತಿಯ ಕೈಗೆ ಕೊಡಿಸಿದವನು ಪಾರಾಗಿಬಿಡುತ್ತಾನೆ. ಅದಕ್ಕೆ ಸಂದುಗೊಂದು ಇಲ್ಲದ ಹಾಗೆ ಮಾಡಿದ: "ಈ ಮಾರಾಟದಾಗ ನಂದಾಗಲಿ ನನ್ನ ಹೊಸ್ತಿಲೊಳಗಿನವರದಾಗಲಿ ಕೈ ಇಲ್ಲ, ಇದರ ಗುಟ್ಟು ನಮಗ ಗೊತ್ತಿಲ್ಲ."

ಐತವಾರ ಬೆಳಿಗ್ಗೆ ಎಲ್ಲರೂ ತಮ್ಮ ಚಾಳಿನ ಹಿಂದಿನ ಖಂಡೋಬಾನ ಗುಡಿಯ ಮುಂದೆ ನೆರೆದರು. ಧರ್ಮಣ್ಣನೂ ಬಂದ. ಗಡ್ಡ ಬೆಳೆದಿತ್ತು, ಸಣ್ಣಗಾಗಿದ್ದ. ಕಳ್ಳನಿಗೆ ನಿದ್ದೆ ಎಲ್ಲಿಯದು ಎಂದುಕೊಂಡ ಹೊಳಬಸಪ್ಪ, ಮೊದಲು ತಾನೇ ಮುಂದೆ ಹೋದ. ಅಂಗೈಯಲ್ಲಿ ಬಿಲ್ವಪತ್ರೆ ಇಟ್ಟು, ಮೇಲೆ ಭಂಡಾರ ಸುರುವಿಕೊಂಡು, "ಈ ಮಾರಾಟದಾಗ ನಂದಾಗಲಿ, ನನ್ನ ಹೊಸ್ತಿಲೊಳಗಿನವರದಾಗಲಿ..." ಎನ್ನುವಷ್ಟರಲ್ಲಿ ಧರ್ಮಣ್ಣ ಧಾವಿಸಿ ಬಂದು ಅವನ ಮಣಿಕಟ್ಟು ಹಿಡಿದ.

"ಬಸಪ್ಪಾ, ಮನೀದು ಬ್ಯಾಡೋ. ನಿಂದಷ್ಟ ಹೇಳು."

"ಯಾಕ? ಮನೀದು ಅಂದ ಕೂಡ್ಲೆ ನಿನಗ್ಯಾಕ ಚಳಿ ಹತ್ತಿತು? ನಿನ್ನ ಪಾಳಿ ಬಂದಾಗ ತ್ರಾಸ ಆಗತದ ಅಂತೇನ?"

"ಕೈ ಮುಗಿತೀನಿ. ನಿಂದಷ್ಟ ಹೇಳು."

ಹೊಳಬಸಪ್ಪ ಕೈ ಕೊಸರಿಕೊಂಡು, ಹೆಣೆದ ಮಾತನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಮುಗಿಸಿದ. ಧರ್ಮಣ್ಣ ಕಣ್ಣು ಮುಚ್ಚಿಕೊಂಡ. ಜಟ್ಟೆಪ್ಪ ಎತ್ತಿದ, ಕೃಷ್ಣಾಜಿ ಎತ್ತಿದ, ಉಳಿದವರೂ ಎತ್ತಿದರು. ಕಡೆಗೆ ಎಲ್ಲರೂ ಧರ್ಮಣ್ಣನ ಕಡೆ ತಿರುಗಿದರು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ನಾ ಎತ್ತಂಗಿಲ್ಲ."

"ಯಾಕೋ?"

"ಎತ್ತಂಗಿಲ್ಲ, ಅಷ್ಟ. ಆದ್ರ ಒಂದು ಪೈಸಾನೂ ನಾ ಮುಟ್ಟಿಲ್ಲ."

"ಮುಟ್ಟಿಲ್ಲಂದ್ರ ಎತ್ತು!" ಜಟ್ಟೆಪ್ಪ ಕೂಗಿದ. ಯಾರೋ ಥೂ ಎಂದು ಉಗಿದರು. ಹೊಳಬಸಪ್ಪ ಗೆದ್ದಿದ್ದ. ಗೆದ್ದವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮನೆಗೆ ಬಂದು, ಇನ್ನು ಧರ್ಮಣ್ಣನ ಹೆಸರು ಈ ಮನೆಯಲ್ಲಿ ಎತ್ತಕೂಡದು, ಗುರುವಾರದ ಪಾಳಿಯೂ ಬಂದ್ ಎಂದು ಹೆಂಡತಿಗೆ ಹುಕುಂ ಮಾಡಿದ. ಅವಳು ಗುಡಿಯಲ್ಲಿ ಆದದ್ದನ್ನೆಲ್ಲ ಕೇಳಿಸಿಕೊಂಡು, "ಮನೀದೂ ಸೇರಿಸಿ ಎತ್ತಿದ್ರೇನು?" ಎಂದಷ್ಟೇ ಕೇಳಿ ಒಳಗೆ ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ. ಮರುದಿನವೂ ಎರಡು ತುತ್ತಿಗೇ ಎದ್ದಳು.

ಗುರುವಾರ ಸಂಜೆ ನೋಡಿದರೆ ಒಲೆಯ ಮುಂದೆ ಎಂದಿನಂತೆ ರೊಟ್ಟಿಯ ಬುಟ್ಟಿ ತುಂಬಿದೆ, ಹಾಲು ಕಾದಿದೆ.

"ಪಾಳಿ ಬಂದ್ ಅಂತ ಹೇಳಿದ್ದಿಲ್ಲೇನ?"

"ಒಲಿ ನಂದು," ಎಂದಳು ಶಿವಬಸವ್ವ. "ಹುಡುಗ ನಾಳೆ ಮುಂಬಯಿಗೆ ಹೊಂಟಾನ. ಹಸಿದ ಹೊಟ್ಟೀಲೆ ಕಳಸಂಗಿಲ್ಲ."

ಅವ್ವಣ್ಣ ಬಂದ. ಹೊಸ್ತಿಲಲ್ಲಿ ಅನುಮಾನಿಸಿ ನಿಂತವನನ್ನು ಅವಳೇ ಕರೆದು ಕೂಡಿಸಿದಳು. ಹೊಳಬಸಪ್ಪ ಗೋಡೆಗೆ ಒರಗಿ, ಬೀಡಿ ಹಚ್ಚಿ, ಸಿಟ್ಟಿನಿಂದ ಸುಮ್ಮನೆ ಕೂತ. ಗೋಲಿನ ವರ್ಣನೆ ಅವತ್ತು ಇರಲಿಲ್ಲ. ಬಾಯಿ ಸುಮ್ಮನಿದ್ದದ್ದರಿಂದ ಕಣ್ಣಿಗೆ ಮೊದಲ ಸಲ ಕೆಲಸ ಸಿಕ್ಕಿತು. ಶಿವಬಸವ್ವ ರೊಟ್ಟಿಯನ್ನು ತಾನೇ ಸಣ್ಣಗೆ ಮುರಿದು, ಬಟ್ಟಲಿನ ಹಾಲಿಗೆ ಹಾಕಿ, ಕಿವುಚಿ ಅವನ ಮುಂದೆ ಇಟ್ಟಳು.

"ಯಾಕ, ಸಾಹೇಬರಿಗೆ ಕೈ ಇಲ್ಲೇನು?" ಎಂದ ಹೊಳಬಸಪ್ಪ.

ಅವ್ವಣ್ಣ ನಾಚಿಕೊಂಡು ಬಲಗೈಯನ್ನು ಮಡಿಲಿಗೆ ಎಳೆದುಕೊಂಡ. ಆದರೆ ಹೊಳಬಸಪ್ಪ ನೋಡಿಬಿಟ್ಟಿದ್ದ. ನಡುವಿನ ಎರಡು ಬೆರಳು ಕಟ್ಟಿಗೆಯ ಹಾಗೆ ನೆಟ್ಟಗಿದ್ದವು, ಮಡಚುತ್ತಲೇ ಇರಲಿಲ್ಲ.

"ಇದ್ಯಾವಾಗ ಆತು?"

"ಹೋದ ವರ್ಷದ್ದರಿ. ಫೈನಲ್‌ನಾಗ ಕಡೀ ಗೋಲು ಹೊಡಿಯಾಗ ಅವರ ಕೋಲು ಬಡೀತು. ಅವಾಗಿಂದು ಹಿಂಗ ಅದರಿ ಕಾಕಾ. ಕಾಕುಗ ಗೊತ್ತದ."

ಅದೇ ಗೋಲು. ಅವನು ಒಂದು ವರ್ಷ ಇದೇ ಜಾಗದಲ್ಲಿ ಕೂತು ಕೈಯಾಡಿಸಿ ವರ್ಣಿಸಿದ್ದ ಗೋಲು. ಎದುರಿಗೆ ಹುಡುಗ ಮುರಿದ ಬೆರಳಲ್ಲಿ ಹಾಲು ರೊಟ್ಟಿ ಬಾಚಿ ತಿನ್ನುತ್ತ ಹೂಂಗುಟ್ಟಿದ್ದ. ಹೊಳಬಸಪ್ಪನ ಬೀಡಿ ತಾನಾಗಿ ಆರಿತು.

ಅವ್ವಣ್ಣ ಉಂಡು, ಇಬ್ಬರ ಕಾಲಿಗೂ ಬಿದ್ದು ಹೋದ. ಶಿವಬಸವ್ವ ಬಾಗಿಲು ಹಾಕಿ ಬಂದು ಗಂಡನ ಎದುರು ಕೂತಳು. ಮದುವೆಯಾದಾಗಿನಿಂದ ಅವಳು ಹಾಗೆ ನೇರ ಎದುರು ಕೂತದ್ದು ಅವನಿಗೆ ನೆನಪಿರಲಿಲ್ಲ.

"ಈಗ ಕೇಳ್ರಿ. ನೀವು ಗಂಡಸರು ಅವನ ಗೋಲು ನೋಡಿದ್ರಿ, ನಾ ಅವನ ಕೈ ನೋಡಿನಿ. ಆ ಕೈಲೆ ಐತವಾರ ಕೋಲು ಹಿಡೀತಾನ, ಸೋಮವಾರ ಇಟ್ಟಂಗಿ ಹೊರತಾನ. ಎರಡು ಸಲ ಮ್ಯಾಲಿಂದ ಇಟ್ಟಂಗಿ ಬಿಟ್ಟಾನ. ಇನ್ನೊಮ್ಮೆ ಬಿಟ್ರ ಯಾರದರ ತಲೀ ಹೋಗತದ. ನಾನ ಧರ್ಮಣ್ಣನ್ನ ಕರಿಸಿ ಹೇಳಿದೆ, ಈ ಹುಡುಗರಿಗೊಂದು ಪರ್ಮನೆಂಟ್ ನೌಕರಿ ಹಚ್ಚೋ ತಮ್ಮಾ, ಟೀಮ್ ಹೋದ್ರ ಹೋಗಲಿ ಅಂತ."

"ನೀ?"

"ನಾನ. ಕಂಪನಿಯವರು ಬಂದ್ರು. ಇಪ್ಪತ್ತೈದು ಕೊಡತೀವಿ, ಆದ್ರ ಈ ಬೆರಳು ಹೋದಾಂವ ಬ್ಯಾಡ ಅಂದ್ರು. ಧರ್ಮಣ್ಣ ಪಟ್ಟು ಹಿಡಿದ. ಒಯ್ದ್ರ ಎಲ್ಲಾರನೂ ಒಯ್ಯಿರಿ, ಅವ್ವಣ್ಣಗೂ ನೌಕರಿ ಬರದು ಕೊಡ್ರಿ, ಬೇಕಾದ್ರ ರೊಕ್ಕ ಕಡಿಮಿ ಮಾಡ್ರಿ ಅಂದ. ಶೇಟ ಒಪ್ಪಲಿಲ್ಲ. ಧರ್ಮಣ್ಣ, ನನ್ನ ಮಂದೀನೆಲ್ಲಾ ಕರ್ಕೊಂಡು ಹೋಗತೀನಿ, ನಿನ್ನ ಸ್ಲ್ಯಾಬು ನೀನ ಹಾಕ್ಕೋ ಅಂದ ಮ್ಯಾಲೆ ಹನ್ನೆರಡಕ್ಕ ಬಗ್ಗಿದ. ಆಮ್ಯಾಲೂ ಕುರ್ಚಿ ಹಾಕಿ ಚಹಾ ಕೊಟ್ಟು, ಅವ್ವಣ್ಣನ್ನ ಬಿಡು ಅಂತ ಪುಸಲಾಯಿಸಿದ, ಧರ್ಮಣ್ಣ ಒಪ್ಪಲಿಲ್ಲ. ಹದಿಮೂರು ಸಾವಿರ ಎಲ್ಲಿ ಹೋತು ಅಂತ ಊರೆಲ್ಲಾ ಕೇಳಿದ್ರಲ್ಲಾ? ಈಗ ಇಲ್ಲೇ ಕುಂತು ಹಾಲು ರೊಟ್ಟಿ ಉಂಡು ಹೋತು."

ಹೊಳಬಸಪ್ಪ ಆರಿದ ಬೀಡಿಯನ್ನು ಕೆಳಗಿಟ್ಟ. "ನನಗ್ಯಾಕ ಹೇಳಲಿಲ್ಲ?"

"ನಿಮಗ ಹೇಳಿದ್ರ ಸಂಜೀಕ ಕೃಷ್ಣಾಜಿ ಅಂಗಡ್ಯಾಗ ಇರತಿತ್ತು. ಕಂಪನಿಯವರು ತನ್ನ ಬ್ಯಾಡ ಅಂದ್ರು, ತನ್ನ ಸಲುವಾಗಿ ರೇಟು ಮುರಿದ್ರು ಅಂತ ಹುಡುಗಗ ಗೊತ್ತಾದ್ರ ಅಂವ ಹೋಗ್ತಾನೇನು? ಅದಕ್ಕ ಧರ್ಮಣ್ಣನ ಕೈಯಾಗ ಭಂಡಾರ ಹಾಕಿ ನಾನ ಮಾತು ತಗೊಂಡಿದ್ದೆ. ಅಂವ ನನ್ನ ಮಾತಿಗೆ ಭಂಡಾರ ಎತ್ತಿದ್ದಕ್ಕ ನಿಮ್ಮ ಮುಂದ ಎತ್ತಲಿಲ್ಲ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸುಳ್ಳು ಆಣಿ ಮಾಡಿದಾಂವ ಧರ್ಮಣ್ಣ ಅಲ್ರಿ."

ಮಣಿಕಟ್ಟಿನ ಮೇಲೆ ಧರ್ಮಣ್ಣನ ಹಿಡಿತ ಇನ್ನೂ ಇದ್ದಂತೆ ಹೊಳಬಸಪ್ಪನಿಗೆ ಅನ್ನಿಸಿತು. ಮನೀದು ಬ್ಯಾಡೋ, ನಿಂದಷ್ಟ ಹೇಳು. ಅವನು ತನ್ನನ್ನು ಸುಳ್ಳಾಣೆಯಿಂದ ಎಳೆಯಲು ಬಂದಿದ್ದ. ತಾನು ಅದನ್ನೇ ಸಾಕ್ಷಿಯೆಂದು ಹಿಡಿದು ಅವನಿಗೆ ಕಳ್ಳನ ಹಣೆಪಟ್ಟಿ ಕಟ್ಟಿದ್ದ. ಅವತ್ತು ಹೊಳಬಸಪ್ಪ ಗಂಡಸು ಎನ್ನುವುದನ್ನು ಮರೆತು ಹೆಂಡತಿಯ ಮುಂದೆ ಅತ್ತ.

ಮರುದಿನ ಖಡಕಿ ಸ್ಟೇಷನ್ನಿನಲ್ಲಿ ಮುಂಬಯಿ ಪ್ಯಾಸೆಂಜರ್ ನಿಂತಿತ್ತು. ಎಷ್ಟು ಬೈದರೂ ಬೀಳ್ಕೊಡಲು ಅಭಿಮಾನಿಗಳೆಲ್ಲ ಬಂದಿದ್ದರು. ಹಾರ ತಂದಿದ್ದರು, ಕೃಷ್ಣಾಜಿ ಎಲ್ಲ ಹುಡುಗರಿಗೂ ಚಹಾ ತಂದಿದ್ದ. ಧರ್ಮಣ್ಣನೊಬ್ಬನೇ ದೂರದ ನೀರಿನ ನಲ್ಲಿಯ ಹತ್ತಿರ ನಿಂತಿದ್ದ. ಅವನ ಕಡೆ ಯಾರೂ ಹೋಗುತ್ತಿರಲಿಲ್ಲ. ಜಟ್ಟೆಪ್ಪ ಮಾತ್ರ ಎಲ್ಲರಿಗೂ ಕೇಳುವಂತೆ, "ಹದಿಮೂರು ಸಾವಿರ ಬಂದು ನಿಂತದ ನೋಡ್ರಿ!" ಎಂದ.

ಹೊಳಬಸಪ್ಪ ನೆಟ್ಟಗೆ ನಲ್ಲಿಯ ಕಡೆ ನಡೆದ. ಜೇಬಿನಿಂದ ಭಂಡಾರದ ಪೊಟ್ಟಣ ತೆಗೆದು, ಧರ್ಮಣ್ಣನ ಹಣೆಗೆ ಹಚ್ಚಿ, ಕಾಲಿಗೆ ಬಗ್ಗಿದ. ಧರ್ಮಣ್ಣ ಗಾಬರಿಯಾಗಿ ರಟ್ಟೆ ಹಿಡಿದು ಎತ್ತಿದ. ಹೊಳಬಸಪ್ಪ ತಿರುಗಿ ನಿಂತು ಕೂಗಿದ.

"ಎಲ್ಲಾರೂ ಕೇಳ್ರಿ. ಧರ್ಮಣ್ಣಂದು ತಪ್ಪಿಲ್ಲ. ಅಂವ ಒಂದು ಪೈಸಾ ಮುಟ್ಟಿಲ್ಲ. ಸುಳ್ಳು ಭಂಡಾರ ಎತ್ತಿದಾಂವ ನಾ. ಮಾರಾಟದಾಗ ಇದ್ದ ಕೈ ನನ್ನ ಮನೀದು."

ಜಟ್ಟೆಪ್ಪ ನಿಧಾನವಾಗಿ ಹತ್ತಿರ ಬಂದ. ಹೊಳಬಸಪ್ಪನ ಮುಖವನ್ನು, ಜೇಬನ್ನು, ಕಾಲಲ್ಲಿದ್ದ ದೀಪಾವಳಿಯ ಹೊಸ ಚಪ್ಪಲಿಯನ್ನು ಒಂದೊಂದಾಗಿ ನೋಡಿದ. ಆ ನೋಟ ಹೊಳಬಸಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನದೇ.

"ಹಂಗಾರ ನಿಮಗೆಷ್ಟು ಸಿಕ್ತ್ರಿ? ಹದಿಮೂರೂ ನೀವ ತಿಂದ್ರೇನು?"

ಹೊಳಬಸಪ್ಪ ನಿಜ ಹೇಳಲು ಬಾಯಿ ತೆರೆದ. ಕಿಟಕಿಯ ಕಂಬಿಗೆ ಮುಖ ಒತ್ತಿ ಅವ್ವಣ್ಣ ಇತ್ತಲೇ ನೋಡುತ್ತಿದ್ದ, ಕಿವಿ ಕೊಟ್ಟಿದ್ದ. ಎರಡು ನೆಟ್ಟಗಿನ ಬೆರಳು ಕಂಬಿಯಿಂದ ಹೊರಗೆ ಚಾಚಿದ್ದವು. ಒಂದು ತಿಂಗಳು ಊರಿಗೆಲ್ಲ ಈ ಪ್ರಶ್ನೆ ಕೇಳಿದ್ದ ಹೊಳಬಸಪ್ಪ ಈಗ ಅದಕ್ಕೆ ತಾನೇ ಉತ್ತರ ಕೊಡಬೇಕಿತ್ತು.

"ಸಿಕ್ಕದ," ಎಂದ. "ನನಗ ಬೇಕಾದಷ್ಟು ಸಿಕ್ಕದ."

ಧರ್ಮಣ್ಣ ಏನೋ ಹೇಳಲು ಹೋದ. ಹೊಳಬಸಪ್ಪ ಈ ಸಲ ಅವನ ಮಣಿಕಟ್ಟು ಹಿಡಿದ. ರೈಲು ಸೀಟಿ ಹಾಕಿತು. ಹುಡುಗರೆಲ್ಲ ಕೈ ಬೀಸಿದರು, ಅಭಿಮಾನಿಗಳು ಹೊಳಬಸಪ್ಪನಿಗೆ ಬೆನ್ನು ತಿರುಗಿಸಿ ಕೈ ಬೀಸಿದರು. ಯಾರೋ ಥೂ ಎಂದು ಉಗಿದರು. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೇ ಉಳಿದರು.

"ಇದೇನು ಮಾಡಿದೆಪಾ?" ಎಂದ ಧರ್ಮಣ್ಣ.

"ನೀ ಇಷ್ಟು ದಿನಾ ಹೊತ್ತಿ. ಇನ್ನ ನಾ ಹೊರತೀನಿ. ನಡಿ, ಚಹಾ ಕುಡಿಯೋಣು."

ಕೃಷ್ಣಾಜಿಯ ಅಂಗಡಿಯಲ್ಲಿ ಬೆಂಚಿನ ಮೇಲಿದ್ದವರು ಅವರನ್ನು ಕಂಡು ಎದ್ದು ಹೊರಗೆ ಹೋದರು. ಹೊಳಬಸಪ್ಪನಿಗೆ ಅಲ್ಲಿ ತಿಂಗಳಿಗೊಮ್ಮೆ ತೀರಿಸುವ ಉದ್ದರಿ ಖಾತೆ ಇತ್ತು. ಕೃಷ್ಣಾಜಿ ಚಹಾ ಸೋಸಿದ, ಆದರೆ ಮುಂದೆ ಇಡಲಿಲ್ಲ. ಮುಖ ನೋಡದೆ ಅಂಗೈ ಚಾಚಿದ.

"ಮೊದಲ ಪೈಸೆ ಕೊಡ್ರಿ," ಎಂದ.

ಹೊಳಬಸಪ್ಪ ಎರಡು ಚಹಾದ ರೊಕ್ಕ ಅವನ ಕೈಗೆ ಹಾಕಿದ, ಕೃಷ್ಣಾಜಿ ಅದನ್ನು ಎರಡೆರಡು ಸಲ ಎಣಿಸಿಕೊಂಡ.